ಹಸಿರು ಚೀಲದ ಮುದುಕಿ

ಕೊಂಡಾಪುರದಲ್ಲಿ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ವರ್ಷಗಳವು. ಅಂಥದ್ದೊಂದರಲ್ಲಿ ಕೂತು, ಊಟದ ಬಿಡುವಿನಲ್ಲಿ, ನಾನು ಕದ್ದುಮುಚ್ಚಿ ಕನ್ನಡ ಥ್ರಿಲ್ಲರ್ ಬರೆಯುತ್ತಿದ್ದೆ. ತನ್ನ ಮನಸ್ಸನ್ನೇ ನಂಬಲಾರದ ಹೆಣ್ಣಿನ ಕಥೆ. ಪ್ರತಿ ಅಧ್ಯಾಯದಲ್ಲೂ ಹಸಿರು ಚೀಲ ಹಿಡಿದ ಮುದುಕಿಯೊಬ್ಬಳು ಎದುರಾಗುತ್ತಾಳೆ, ನಾಯಕಿಯನ್ನು ತನ್ನವಳೆಂದು ತಿಳಿದು ಮಾತಾಡಿಸುತ್ತಾಳೆ, ತಪ್ಪಾಯಿತೆಂದು ಹೊರಟುಹೋಗುತ್ತಾಳೆ. "ಎಂಥಾ ಸಂಕೇತ!" ಎಂದರು ಪ್ರಕಾಶಕರು. ಸಂಕೇತವಂತೆ, ನನ್ನ ತಲೆ! ಅವಳು ನಮ್ಮಜ್ಜಿ.

ಮಲ್ಕಾಜ್‌ಗಿರಿಯ ನಮ್ಮ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ನನಗೆ ಹದಿಮೂರಿದ್ದಾಗ ಅವ್ವನ ತಾಯಿ ರಾಯಚೂರಿನಿಂದ ಒಬ್ಬಳೇ ಬಂದಳು. ಅವ್ವನಿಗೆ ಜ್ವರ; ಕರೆತರಲು ನಾನೇ ಕಾಚಿಗೂಡ ಸ್ಟೇಷನ್ನಿಗೆ ಹೋದೆ. ಪ್ಲಾಟ್‌ಫಾರ್ಮಿನಲ್ಲಿ ನನ್ನ ಶಾಲೆಯ ಗೆಳತಿಯರು ಸಿಕ್ಕರು. ಅಷ್ಟರಲ್ಲಿ ಅಜ್ಜಿ, ತೇಪೆ ಹಾಕಿದ ಸೀರೆ, ಹಸಿರು ಚೀಲ, ದೂರದಿಂದಲೇ ಕನ್ನಡದಲ್ಲಿ ನನ್ನನ್ನು ಕೂಗುತ್ತ ಬಂದಳು. ಗೆಳತಿಯರು ಕಿಸಕ್ಕನೆ ನಕ್ಕರು. ನಾನು ತೆಲುಗಿನಲ್ಲಿ, "ಮೀರೆವರು?" ಎಂದೆ. ನೀವು ಯಾರು ಎಂದು.

ಅಜ್ಜಿ ನನ್ನ ಮುಖವನ್ನೇ ದಿಟ್ಟಿಸಿದಳು. "ತಪ್ಪಾತವ್ವಾ. ನನ್ನ ಮೊಮ್ಮಗಳಂಗ ಕಂಡಿ," ಎಂದು ಹೋಗಿ ಬೆಂಚಿನ ಮೇಲೆ ಕೂತಳು. ಗೆಳತಿಯರನ್ನು ಸಾಗಹಾಕಿ ಓಡಿ ಬರುವಷ್ಟರಲ್ಲಿ ಬೆಂಚು ಖಾಲಿ. ಮನೆಯಲ್ಲಿ "ಸಿಗಲಿಲ್ಲ" ಎಂದೆ.

ಅಜ್ಜಿ ಮರುಗಾಡಿಗೆ ಊರಿಗೆ ಹೋಗಿದ್ದಳು. ಮತ್ತೆ ಬರಲೇ ಇಲ್ಲ. ಸ್ಟೇಷನ್ನಿನಲ್ಲಿ ಯಾರದೋ ಹುಡುಗಿಯನ್ನು ಮೊಮ್ಮಗಳೆಂದು ಕೂಗಿದೆ ಎಂದು ಆಕೆ ಹೇಳಿದ್ದಕ್ಕೆ ಮಾವ ಕಣ್ಣಿನ ಡಾಕ್ಟರಿಗೆ ತೋರಿಸಿದನಂತೆ, ಕಣ್ಣು ನೆಟ್ಟಗಿವೆ ಎಂದರಂತೆ. ಹಾಗಾದರೆ ಕೆಟ್ಟಿದ್ದು ತಲೆಯೇ ಎಂದು ಮನೆಮಂದಿಯೆಲ್ಲ ನಂಬಿದರು, ಅಜ್ಜಿಯೂ ನಂಬಿದಳು. ನಾನು ಬಾಯಿ ಬಿಡಲಿಲ್ಲ, ಹೇಡಿ. ಆಕೆ ತೀರಿದ ಮೇಲೂ ಬಿಡಲಿಲ್ಲ.

ಪುಸ್ತಕ ಅಚ್ಚಾದಾಗ ನನಗಿದ್ದ ಹೆದರಿಕೆ ಒಂದೇ: ಅವ್ವ ಓದುತ್ತಾಳೆ. ಓದಿದಳು. ಒಂದು ಮಧ್ಯಾಹ್ನ, ಮುದುಕಿ ತಪ್ಪಾಯಿತೆನ್ನುವ ಮಾತಿರುವ ಪುಟದಲ್ಲಿ ಬೆರಳಿಟ್ಟುಕೊಂಡು ನನ್ನೆದುರು ಬಂದು ನಿಂತಳು.

"ಸಾಯೂತನಕ ಆಕಿ ನನ್ನ ಕೈ ಹಿಡಿಯೂ ಮುಂಚೆ ಕೇಳತಿದ್ಲು, ನೀ ನನ್ನ ಮಗಳ ಹೌದಲ್ಲ ಅಂತ."

ಅವ್ವ ಪುಟದಿಂದ ಬೆರಳು ತೆಗೆಯಲಿಲ್ಲ.

"ಆಕಿ ತಲಿ ಚಲೋನ ಇತ್ತಲ್ಲ?"

"ಹೂಂ, ಅವ್ವ."

"ನನಗೂ ಹಂಗ ಆಗತೈತೇನೋ ಅಂತ ಇಷ್ಟು ವರ್ಷ ಅಂಜಿ ಸತ್ತೆ," ಎಂದಳು ಅವ್ವ. ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿ ಒಳಗೆ ಹೋದಳು.