ಮೇಷ್ಟ್ರು ಇಳಿಸದ ಶ್ರುತಿ

ನಮ್ಮ ಸಂಗೀತದ ಮೇಷ್ಟ್ರ ಕತ್ತಿನ ನರಗಳು ಉಬ್ಬಿದ್ದವು, ಗದ್ದ ಮೇಲಕ್ಕೆದ್ದಿತ್ತು, ದನಿ ಒಡೆಯುತ್ತಿತ್ತು. ಮಂಡ್ಯದ ಗುತ್ತಲಿನಲ್ಲಿ ಅವರ ಮನೆ ಮುಂದಿನ ಶಾಮಿಯಾನದ ಕೆಳಗೆ ಅವರ ಹೆಂಡತಿಯ ಶವವಿತ್ತು. ಹೆಣ ಎತ್ತುವ ಮುಂಚಿನ ಭಜನೆಗೆ ಹಾರ್ಮೋನಿಯಂ ಹಿಡಿದು ಕೂತಿದ್ದವರು ಅವರೇ.

"ಮೇಲಿನ ಸ್ವರಕ್ಕೆ ಗಂಟ್ಲು ಹಿಂಡಬ್ಯಾಡ್ರಲಾ, ದವಡೆ ಸಡ್ಲ ಬುಟ್ಟು ಒಟ್ಟೆಯಿಂದ ಉಸ್ರು ಬುಡಿ. ಆಗಕಿಲ್ವಾ, ಸ್ರುತಿ ಇಳಿಸ್ಕಳಿ, ಅದ್ರಲ್ಲೇನ್ ಮಾನ ಓಯ್ತದಾ?" ಎಂದು ನಮ್ಮನ್ನೆಲ್ಲ ಗದರುತ್ತಿದ್ದವರು ಅಂದು ಒಂದನ್ನೂ ಪಾಲಿಸಲಿಲ್ಲ. ಅವರ ಭಜನೆಯಲ್ಲಿ ಮೇಲಿನ ಸ್ವರದ ಸಾಲುಗಳೆಲ್ಲ ಯಾವಾಗಲೂ ಹೆಂಡತಿಯ ಪಾಲು. ಈಗ ಅವನ್ನೂ ಇವರೇ ಹಾಡಲು ಹೊರಟಿದ್ದರು.

ಪಕ್ಕದಲ್ಲಿ ತಾಳ ಹಾಕುತ್ತಿದ್ದ ನನಗೆ ತಡೆಯಲಾಗಲಿಲ್ಲ. "ಮೇಷ್ಟ್ರೇ, ಶ್ರುತಿ ಸ್ವಲ್ಪ ಇಳಿಸಿ. ನೀವೇ ಹೇಳ್ಕೊಟ್ಟಿದ್ದಲ್ವಾ?" ಎಂದು ಅವರ ಕಿವಿಯಲ್ಲೇ ವಾದಕ್ಕಿಳಿದೆ.

ಅವರು ತಿದಿ ಒತ್ತುವುದನ್ನು ನಿಲ್ಲಿಸಲಿಲ್ಲ. "ಇದು ಅವ್ಳ ಸ್ರುತಿ ಕಣಪ್ಪ. ಇಳಿಸ್ಬುಟ್ರೆ ಅವ್ಳು ಎಲ್ಲಿ ಸೇರ್ಕತಾಳೆ?"

ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ ನನ್ನದು. ಸತ್ತವರು ಬಂದು ಸೇರಿಕೊಳ್ಳುವುದಿಲ್ಲ ಎಂಬ ಮಾತು ಬಾಯಿವರೆಗೂ ಬಂತು. ಅಷ್ಟರಲ್ಲಿ ಮೇಲಿನ ಸಾಲು ಮತ್ತೆ ಬಂದಿತ್ತು. ಮೇಷ್ಟ್ರು ಅರ್ಧಕ್ಕೇ ಹಾಡು ನಿಲ್ಲಿಸಿ, ಹೆಂಡತಿಯ ಮುಖ ನೋಡುತ್ತಾ ಬರೀ ಹಾರ್ಮೋನಿಯಂ ನುಡಿಸಿದರು. ಆ ಸಾಲನ್ನು ನಾವ್ಯಾರೂ ಎತ್ತಿಕೊಳ್ಳಲಿಲ್ಲ.

ಅಂದು ಬಿದ್ದುಹೋದ ಅವರ ದನಿ ಇನ್ನೂ ಪೂರ್ತಿ ಮರಳಿಲ್ಲ. ಅಷ್ಟೆಲ್ಲ ಗೊತ್ತಿದ್ದವರು ಹಾಗೇಕೆ ಕಿರುಚಿಕೊಂಡರು ಎಂದು ಹೊಸದಾಗಿ ಪಾಠಕ್ಕೆ ಸೇರಿದವರು ಕೇಳುತ್ತಾರೆ. ಅವರು ಹಾಡಿದ ರೀತಿ ತಪ್ಪು ಎಂದು ನಾನು ಈಗಲೂ ಹೇಳುತ್ತೇನೆ. ಹಾಡಬಾರದಿತ್ತು ಎನ್ನಲು ಮಾತ್ರ ನನ್ನಿಂದ ಆಗುವುದಿಲ್ಲ.