ಆಸ್ರಿಗೆ ಕುಡಿಯದೆ ಹೋಗುವವರು

ಕುಮಟಾ ಬಸ್ ನಿಲ್ದಾಣದಲ್ಲಿ ವೆಂಕಟ ನಾಯ್ಕರು ಕಂಟ್ರೋಲರ್ ಆಗಿದ್ದಷ್ಟು ಕಾಲವೂ ಅವರ ಮುಖವನ್ನು ಸರಿಯಾಗಿ ನೋಡಿದವರು ಕಡಿಮೆ. ಜನ ಕಿಟಕಿಯ ಕಂಬಿಗೆ ಮೂಗು ತಾಗಿಸಿ "ಹೊನ್ನಾವರದ್ದು ಯಾವುದು?" ಎಂದು ಕೇಳುತ್ತಿದ್ದರು. ಇವರು ಹೇಳಿ ಮುಗಿಸುವುದರೊಳಗೆ ಕೇಳಿದವರು ಓಡಿಹೋಗಿ ಬಸ್ಸು ಹತ್ತಿಯಾಗಿರುತ್ತಿತ್ತು. ಬಸ್ಸು ಸಿಕ್ಕಿದವರಿಗೆ ಇವರ ನೆನಪಿಲ್ಲ, ತಪ್ಪಿದವರಿಗೆ ಇವರದೇ ನೆನಪು. ಹೀಗೆ ಇಡೀ ನೌಕರಿ ಜನರನ್ನು ಸಾಗಹಾಕುವುದರಲ್ಲಿ ಸವೆಯಿತು. ನಿವೃತ್ತಿಯ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಅವರನ್ನೂ ಸಾಗಹಾಕಿದರು.

ಆಮೇಲೆ ನಾಯ್ಕರಿಗೆ ಒಂದೇ ಒಂದು ಆಸೆ ಉಳಿಯಿತು. ತನ್ನ ಹತ್ತಿರ ಬಂದವರು ಒಂದು ಗಳಿಗೆಯಾದರೂ ಕೂರಬೇಕು. ಮನೆಗೆ ಬರುವವರು ಹೆಚ್ಚಿರಲಿಲ್ಲವಾದ್ದರಿಂದ ಅವರು ವೆಬ್‌ಸೈಟ್ ಮಾಡಿಸಿದರು. ಮಾಡಿಕೊಟ್ಟವಳು ತಮ್ಮನ ಮಗಳು ಅರ್ಚಿತಾ, ಹೊನ್ನಾವರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವವಳು. ಕುಮಟಾ, ಹೊನ್ನಾವರ, ಭಟ್ಕಳ ಸೇರಿ ಹೆಸರು 'ಮೂರು ತಾಲೂಕು'. ತೆರೆದ ಕೂಡಲೇ ನಾಯ್ಕರ ದೊಡ್ಡ ಫೋಟೊ. ಅದರ ಕೆಳಗೆ ನಾಯ್ಕರ ಲೇಖನಗಳು: ಭಟ್ಕಳ ಮಲ್ಲಿಗೆ, ಶರಾವತಿಯ ದೋಣಿಗಳು, ಮತ್ತು ಎಲ್ಲಕ್ಕಿಂತ ಮನಸ್ಸಿಟ್ಟು ಬರೆದ 'ಬಸ್ಸಿನಲ್ಲಿ ಬಿಟ್ಟುಹೋದ ಕೊಡೆಗಳು'. ಇರಲಿ ಎಂದು ಅರ್ಚಿತಾ ಮೇಲ್ಗಡೆ 'ಉಪಯುಕ್ತ ಕೊಂಡಿಗಳು' ಎಂಬ ಒಂದು ಪುಟವನ್ನೂ ಸೇರಿಸಿದ್ದಳು. ರೈಲು ಎಲ್ಲಿದೆ, ಬಸ್ಸು ಎಷ್ಟೊತ್ತಿಗೆ, ಕಡಲಿಗೆ ಇಳಿಯಬಹುದೇ, ಕರೆಂಟು ಹೋದರೆ ಯಾರಿಗೆ ಹೇಳಬೇಕು ಎಂಬುದನ್ನೆಲ್ಲ ತಿಳಿಸುವ ಬೇರೆ ಬೇರೆ ಜಾಲತಾಣಗಳಿಗೆ ಅಲ್ಲಿಂದ ದಾರಿ.

ಎರಡು ತಿಂಗಳ ನಂತರ ಅರ್ಚಿತಾ ಲೆಕ್ಕ ತೋರಿಸಿದಳು. ಸೈಟಿಗೆ ಜನ ಬರುತ್ತಿದ್ದರು, ಚೆನ್ನಾಗಿಯೇ ಬರುತ್ತಿದ್ದರು. ಬಂದವರು ನೆಟ್ಟಗೆ ಕೊಂಡಿಗಳ ಪುಟಕ್ಕೆ ಹೋಗಿ, ಅಲ್ಲಿಂದ ಹೊರಬೀಳುತ್ತಿದ್ದರು. ಒಬ್ಬೊಬ್ಬರು ಇರುತ್ತಿದ್ದದ್ದು ಅರ್ಧ ನಿಮಿಷ.

ನಾಯ್ಕರಿಗೆ ಅಂದು ಊಟ ಸೇರಲಿಲ್ಲ. ಮತ್ತದೇ ಕಿಟಕಿ, ಅದೇ ಕಂಬಿ.

"ತಂಗಿ, ಆ ಪುಟ ತೆಗ್ದು ಕಡೀಗೆ ಹಾಕು" ಎಂದರು.

"ದೊಡ್ಡಪ್ಪಾ, ಜನ ಬರೂದೇ ಅದಕ್ಕೆ. ಸಿಗದ ಜಾಗದಲ್ಲಿ ಇಟ್ರೆ ಎಂತ ಉಪ್ಯೋಗ?"

"ಮನೆಗೆ ಬಂದವ್ರಿಗೆ ಯಾರಾದ್ರೂ ಮೊದ್ಲೇ ಹೋಗೂ ದಾರಿ ತೋರಿಸ್ತ್ರಾ? ಕೂರಿ ಅನ್ಬೇಕು. ಆಸ್ರಿಗೆ ಎಂತ ಬೇಕು ಕೇಳ್ಬೇಕು. ನೀರೋ ಬೆಲ್ಲವೋ ಮಜ್ಜಿಗೆಯೋ, ಏನೋ ಒಂದು ಕುಡ್ದ ಮೇಲೆ ಹೋಗೂದು."

ಅತಿಥಿಗೆ ಆಸ್ರಿಗೆ ಕೊಡಬಾರದೆಂದು ವಾದಿಸುವ ಧೈರ್ಯ ಈ ಮೂರು ತಾಲೂಕಿನಲ್ಲಿ ಯಾರಿಗೂ ಇಲ್ಲ, ಕಂಪ್ಯೂಟರ್ ಕಲಿಸುವವರಿಗೂ ಇಲ್ಲ. ಅರ್ಚಿತಾ ಪುಟವನ್ನು ಕೆಳಗಿಳಿಸಿದಳು. ಕೊಡೆಗಳ ಲೇಖನದ ಕೊನೆಯ ಸಾಲಿನ ಅಡಿಯಲ್ಲಿ, ಸಣ್ಣಕ್ಷರದಲ್ಲಿ, ಕೊಂಡಿಗಳಿಗೆ ದಾರಿ ಉಳಿಯಿತು.

ಮುಂದಿನ ಲೆಕ್ಕ ಬಂದಾಗ ನಾಯ್ಕರು ಅದನ್ನು ಹೆಂಡತಿ ಶ್ರೀಗೌರಿಗೆ ಓದಿ ಹೇಳಿದರು. ಅರ್ಧ ನಿಮಿಷ ಇರುತ್ತಿದ್ದವರು ಈಗ ಐದಾರು ನಿಮಿಷ ಇರುತ್ತಿದ್ದರು. "ಓದ್ತ್ರು ಕಾಣ್ತದೆ" ಎಂದರು. ಶ್ರೀಗೌರಿ ಹಲಸಿನ ಹಪ್ಪಳ ಒತ್ತುತ್ತಿದ್ದವರು "ಆತು, ಒಳ್ಳೇದೇ ಆತು" ಎಂದರು. ಅವರು ಸ್ವತಃ ಒಂದು ಲೇಖನವನ್ನೂ ಓದಿರಲಿಲ್ಲ. ಎಲ್ಲವನ್ನೂ ಒಂದಲ್ಲ ಒಂದು ಸಲ ಊಟದ ಹೊತ್ತಿಗೆ ಕೇಳಿಯಾಗಿತ್ತು.

ಒಂದು ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಪೇಪರ್ ತರಲು ಹೋದ ನಾಯ್ಕರು ಬೆಂಚಿನ ಹಿಂದೆ ಗಕ್ಕನೆ ನಿಂತರು. ಬೆಂಚಿನ ಮೇಲೆ ಒಬ್ಬ ಹೆಂಗಸು ಮೊಬೈಲು ಹಿಡಿದು ಕೂತಿದ್ದಳು. ಪಕ್ಕದಲ್ಲಿ ಕಣ್ಣಿಗೆ ದಪ್ಪ ಕನ್ನಡಕ ಹಾಕಿದ ಅವಳ ತಾಯಿ, ತಾಯಿಯ ಮಡಿಲಲ್ಲಿ ಹೆಣೆದು ಕಟ್ಟಿದ ಸಿಹಿ ಈರುಳ್ಳಿಯ ಗೊಂಚಲು. ಮೊಬೈಲಿನಲ್ಲಿ 'ಮೂರು ತಾಲೂಕು'. ಮಲ್ಲಿಗೆ ಹೋಯಿತು, ದೋಣಿ ಹೋಯಿತು, ಕೊಡೆ ಬಂತು. ಅರ್ಧ ಕೊಡೆಗೆ ಬಂದವಳು ಮತ್ತೆ ಮೇಲಕ್ಕೆ ಹೋದಳು, ಮತ್ತೆ ಕೆಳಕ್ಕೆ ಬಂದಳು. ಎರಡೆರಡು ಸಲ ಓದುತ್ತಾಳಲ್ಲ ಎಂದು ನಾಯ್ಕರ ಎದೆ ತುಂಬಿ ಬಂತು. ಹಿಂದಿನಿಂದ ಉಡುಪಿಗೆ ಹೋಗುವ ಬಸ್ಸು ಹಾರನ್ ಹೊಡೆದು ಹೊರಟಿತು. ಬಸ್ಸಿನ ಸದ್ದು ಕೇಳಿ ತಿರುಗದೆ ಇದ್ದದ್ದು ನಾಯ್ಕರ ಜೀವಮಾನದಲ್ಲಿ ಅದೇ ಮೊದಲು.

"ಎಂತ ಓದ್ತಾ ಇದ್ರಿ?" ಎಂದು ಕೊನೆಗೆ ಕೇಳಿಯೇಬಿಟ್ಟರು.

"ಓದೂದೆಂತದು ಮಾರಾಯ್ರೆ! ರೈಲು ಲೇಟಿದ್ಯಾ ಅಂತ ನೋಡೂದು ಇದ್ರಲ್ಲಿ ಮೇಲೇ ಇತ್ತು. ಯಾರೋ ತಕಂಡೋಗಿ ಎಲ್ಲೋ ಹುಗ್ದಿಟ್ಟಿದ್ರು. ಲೇಟಿದ್ರೆ ರೈಲು ಸಿಕ್ತದೆ, ಸ್ಟೇಶನ್ನಿಗೆ ಹೋಗ್ವ, ಇಲ್ಲದಿದ್ರೆ ಉಡುಪಿ ಬಸ್ಸು ಹತ್ವ ಅಂತ ಕೂತದ್ದು. ಅಮ್ಮನ ಕಣ್ಣಿನ ಪೊರೆ ತೆಗೂಕೆ ಇವತ್ತು ಮಧ್ಯಾಹ್ನದೊಳಗೆ ಬನ್ನಿ ಅಂದಿದ್ರು ಡಾಕ್ಟ್ರು. ಬಿಟ್ರೆ ಮತ್ತೆ ಮುಂದಿನ ತಿಂಗ್ಳಂತೆ."

ನಾಯ್ಕರು ಮೊಬೈಲು ಈಸಿಕೊಂಡು ಹುಡುಕಿದರು. ಮಲ್ಲಿಗೆಯನ್ನು ದಾಟಿದರು. ದೋಣಿಗಳನ್ನು ದಾಟಿದರು. ಕೊಡೆಗಳು ಮುಗಿಯಲೇ ಇಲ್ಲ. ಸ್ವಲ್ಪ ಉದ್ದವಾಯಿತೇನೋ ಎಂದು ಅವರಿಗೆ ಮೊದಲ ಸಲ ಅನಿಸಿತು. ಕೊನೆಗೂ ಸಿಕ್ಕ ಕೊಂಡಿ ಒತ್ತಿದಾಗ, ರೈಲು ಸರಿಯಾದ ಸಮಯಕ್ಕೆ ಕುಮಟಾ ಬಿಟ್ಟು ಹೋಗಿದೆ ಎಂದು ತೋರಿಸಿತು.

"ಉಡುಪಿ ಬಸ್ಸು?" ಎಂದಳು ಆಕೆ.

"ಅದೂ ಹೋತು" ಎಂದರು ನಾಯ್ಕರು.

ಅವಳು ಒಮ್ಮೆ ಮೊಬೈಲನ್ನು ಮೇಲಕ್ಕೆ ಸರಿಸಿ ಫೋಟೊ ನೋಡಿದಳು. ಆಮೇಲೆ ನಾಯ್ಕರನ್ನು ನೋಡಿದಳು. ಮುಖವನ್ನು ಯಾರೂ ನೋಡುವುದಿಲ್ಲವೆಂಬ ದೂರು ಅಲ್ಲಿಗೆ ತೀರಿತು. "ಇದು ನೀವೇ ಅಲ್ದಾ?"

"ನಾನೇ. ಹುಗ್ದಿಟ್ಟಿದ್ದೂ ನಾನೇ. ತಪ್ಪಾತು. ಏಳಿ, ಭಟ್ಕಳದ್ದು ನಿಂತದೆ. ಅಲ್ಲಿಂದ ಮುಂದೆ ನಾ ಹತ್ತಿಸ್ತೆ."

ಪೇಪರು ತರುವ ಚೀಲ ಹಿಡಿದೇ ಅವರೂ ಹತ್ತಿದರು. ಮಗಳ ಹೆಸರು ವಿನುತಾ, ತಾಯಿ ಬಂಗಾರಿ. ಹೊನ್ನಾವರದಲ್ಲಿ ಬಸ್ಸು ನಿಂತಾಗ ನಾಯ್ಕರು ಇಳಿದು ಕೋಕಂ ಶರಬತ್ತು ತಂದುಕೊಟ್ಟರು. ವಿನುತಾ ಬೇಡವೆಂದಳು, ಬಂಗಾರಿ ಕುಡಿದರು. ಇಷ್ಟು ಕಾಲ ಬಯಸಿದ ಅತಿಥಿಗಳು ಎದ್ದುಹೋಗಲಾರದಂತೆ ಪಕ್ಕದಲ್ಲೇ ಕೂತಿದ್ದರು. ನಾಯ್ಕರು ಮಾತ್ರ ಗಡಿಯಾರ ನೋಡುತ್ತ ಮೈಲಿಗಲ್ಲು ಎಣಿಸುತ್ತಿದ್ದರು. ಮುರ್ಡೇಶ್ವರ ದಾಟುವಾಗ ಬಂಗಾರಿಯೇ, "ಆ ಮೊಬೈಲಲ್ಲಿ ಎಂತ ಬರ್ದಿದ್ರಿ?" ಎಂದು ಕೇಳಿದರು.

"ಕೊಡೆ ಬಗ್ಗೆ" ಎಂದರು ನಾಯ್ಕರು. ಅವರಿಗೆ ಬಹಳ ನಾಚಿಕೆಯಾಗಿತ್ತು.

ಭಟ್ಕಳದಲ್ಲಿ ಹೊರಟು ನಿಂತಿದ್ದ ಉಡುಪಿ ಬಸ್ಸಿನ ಮುಂದೆ ನಾಯ್ಕರು ಕೈ ಅಡ್ಡ ಹಿಡಿದು ನಿಂತರು. ಡ್ರೈವರಿಗೆ ಅವರ ಗುರುತಿತ್ತು, ಬೈಯುವುದನ್ನು ಅರ್ಧಕ್ಕೆ ನುಂಗಿದ. ತಾಯಿ ಮಗಳು ಹತ್ತಿದರು, ಬಸ್ಸು ಹೋಯಿತು. ನಾಯ್ಕರು ಅಲ್ಲೇ ನಿಂತು ಅರ್ಚಿತಾಗೆ ಫೋನ್ ಮಾಡಿದರು.

"ತಂಗಿ, ಕೊಂಡಿಗಳನ್ನ ಮೇಲೆ ತಾ. ನನ್ನ ಫೋಟೊಕ್ಕಿಂತ ಮೇಲೆ. ಬಸ್ಸಿನ ಬೋರ್ಡಿನ ಹಾಂಗೆ ದೊಡ್ಡಕ್ಷರದಲ್ಲಿ ಬರಿ. ಪೊರೆ ಬಂದ ಕಣ್ಣಿಗೂ ಕಾಣ್ಬೇಕು."

"ಆಸ್ರಿಗೆ, ದೊಡ್ಡಪ್ಪಾ?"

"ಅವಸರದಲ್ಲಿದ್ದವ್ರಿಗೆ ದಾರಿ ಹೇಳೂದೇ ಆಸ್ರಿಗೆ. ಮಾಡು ನೀ."

ಸಂಜೆಯೊಳಗೆ ಕೊಂಡಿಗಳು ಮೇಲೆ ಬಂದವು. ತಿಂಗಳ ಲೆಕ್ಕದಲ್ಲಿ ಐದಾರು ನಿಮಿಷ ಹೋಗಿ ಮತ್ತೆ ಅರ್ಧ ನಿಮಿಷವಾಯಿತು. ನಾಯ್ಕರು ಅದನ್ನು ಶ್ರೀಗೌರಿಗೆ ಓದಿ ಹೇಳಲಿಲ್ಲ. ಅರ್ಚಿತಾ ಲೆಕ್ಕದ ಇನ್ನೊಂದು ಸಾಲು ತೋರಿಸಿದಳು: ಹೋದವರೇ ಮರುದಿನ ಮತ್ತೆ ಬರುತ್ತಿದ್ದರು. ಕಿಟಕಿಯ ಎದುರಿಗೂ ದಿನಾ ಬರುತ್ತಿದ್ದವರು ಅದೇ ಜನವೇ ಆಗಿದ್ದರಲ್ಲ, ತಾನೇ ಅವರ ಮುಖ ನೋಡಿರಲಿಲ್ಲವೇನೋ ಎಂದು ನಾಯ್ಕರಿಗೆ ಅನಿಸಿತು.

ಮತ್ತೊಂದು ವಾರಕ್ಕೆ, ಸೈಟಿನಲ್ಲಿದ್ದ ನಾಯ್ಕರ ನಂಬರಿಗೆ ವಿನುತಾಳ ಮೊಬೈಲಿನಿಂದ ಒಂದು ಧ್ವನಿ ಸಂದೇಶ ಬಂತು. ಮಾತಾಡಿದವರು ಬಂಗಾರಿ.

"ನಾಯ್ಕರೇ, ಅವತ್ತೇ ಪೊರೆ ತೆಗ್ದ್ರು, ಕಣ್ಣು ಲಾಯ್ಕಾತು. ಆ ಕೊಡೆ ಕತೆ ನಾನೇ ಓದ್ದೆ, ಮಗಳ ಹತ್ರ ಓದಿಸ್ಕಂಡದ್ದಲ್ಲ. ಉದ್ದ ಆತು. ಆದ್ರೂ ಮುಗೀವರಿಗೆ ಕೂತಿದ್ದೆ."

ನಾಯ್ಕರು ಅದನ್ನು ಇನ್ನೊಮ್ಮೆ ಹಾಕಿದರು. ಆಮೇಲೆ ಮೊಬೈಲು ಹಿಡಿದುಕೊಂಡು ಅಡುಗೆಮನೆಗೆ ಹೋದರು.

"ಕೇಳ್ದ್ಯಾ?" ಎಂದರು ಶ್ರೀಗೌರಿಗೆ. "ಕೂತಿದ್ರಂತೆ."