ಯಂತ್ರದ ಕಣ್ಣಿಗೆ ಇಟ್ಟ ಬೊಟ್ಟು

ಎರಡು ಸಾವಿರದ ಹದಿನೇಳರ ಆಶ್ವಯುಜ ಮಾಸ, ಮಹಾನವಮಿಯ ಬೆಳಗು, ಎಂಟು ಗಂಟೆಯ ಹೊತ್ತು. ರಕ್ತ ಶುದ್ಧಿಯ ವಿದ್ಯೆಯಲ್ಲಿ ಹೆಬ್ಬಾಳದಿಂದ ಯಲಹಂಕದವರೆಗಿನ ಹತ್ತಾರು ಆಸ್ಪತ್ರೆಗಳವರು ಗುರುವೆಂದು ಕರೆಯುವ, ಈಗ ನಿವೃತ್ತರಾಗಿರುವ ಹಿರಿಯ ಡಯಾಲಿಸಿಸ್ ತಂತ್ರಜ್ಞರಾದ ಶ್ರೀ ಶಿವಶರಣಪ್ಪನವರ ನೆನಪೆಂದರೆ ಹನುಮಯ್ಯನಿಗೆ ಆ ಬೆಳಗೇ ಮೊದಲು ಬರುತ್ತದೆ. ಹನುಮಯ್ಯ ಅವರು ದುಡಿದ ಐಸಿಯು ವಾರ್ಡಿನ ಅಟೆಂಡರ್, ಅಮೃತಹಳ್ಳಿಯವನು, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅವರ ಅಭಿನಂದನ ಸಂಪುಟಕ್ಕೆ ಇದನ್ನು ಬರೆಯುತ್ತಿರುವವನೂ ಅವನೇ; ‘ನಾನು’ ಎನ್ನಲು ನಾಚಿಕೆಯಾಗಿ ಹೆಸರು ಹಿಡಿದು ಹೇಳಿಕೊಳ್ಳುತ್ತಿದ್ದಾನೆ.

ಶಿವಶರಣಪ್ಪನವರು ಆಳಂದದ ಕಡೆಯಿಂದ ಬಂದು ನಮ್ಮ ಟ್ರಸ್ಟ್ ಆಸ್ಪತ್ರೆಗೆ ಸೇರಿ ಮೂವತ್ತೆರಡು ವರ್ಷ. ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯನ್ನು ಒಂದು ದಿನವೂ ಒಬ್ಬರೇ ಬಿಚ್ಚಿದವರಲ್ಲ, ಅಟೆಂಡರುಗಳ ನಡುವೆ ನೆಲಕ್ಕೇ ಕೂರುತ್ತಿದ್ದರು. ಸೋಂಕು ರಕ್ತಕ್ಕೇರಿ ರಕ್ತದೊತ್ತಡ ಕುಸಿದವರ ರಕ್ತವನ್ನು ಮಣಿ ತುಂಬಿದ ಡಬ್ಬಿಯೊಂದರೊಳಗೆ ಹಾಯಿಸಿ, ಉರಿಯೂತದ ಕಣಗಳನ್ನು ಸೋಸಿ ಮೈಗೆ ಮರಳಿಸುವ ಚಿಕಿತ್ಸೆ ಬಂದಾಗ, ಕಸ ಗುಡಿಸುವವರಿಗೂ ಅದನ್ನು ತಿಳಿಸಿ ಹೇಳಿದರು. “ಕಳ್ಳ ಹೊಕ್ಕಾನಂತ ಮನಿಗೇ ಬೆಂಕಿ ಹಚ್ಚಿದಂಗ, ಹನುಮಣ್ಣ. ಕಳ್ಳನ್ನ ಔಷಧ ಹಿಡಿತದ. ಬೆಂಕಿ ಆರಸೂದು ಈ ಡಬ್ಬಿ. ಆದ್ರ ತಡ ಆಗಬಾರದು.”

ಆ ನವಮಿಯಂದು, ಡಬ್ಬಿಯೊಳಗೆ ರಕ್ತ ಹಾಯಿಸುವ ಯಂತ್ರದ ಮೈಗೆ ಗಂಧ ಕುಂಕುಮ ಇಟ್ಟವರು ಅವರೇ. ಹನುಮಯ್ಯ ಸೇವಂತಿಗೆ ಹಾರ ಸುತ್ತುತ್ತಿದ್ದ.

“ಏನೋ ಮಾರಾಯಾ, ಪೂಜಿನೋ ಮದಿವಿನೋ?”

“ಇರ್ಲಿ ಬುಡಿ ಸಾರ್, ವರ್ಸಕ್ಕೊಂದ್ ಕಿತ.”

ಅವರು ನಗುತ್ತ ಚಹಾಕ್ಕೆ ಹೋದರು. ಒರೆಸಲೆಂದು ಪುಟ್ಟ ಮುಚ್ಚಳವೊಂದನ್ನು ತೆಗೆದ ಹನುಮಯ್ಯನಿಗೆ ಒಳಗೆ ಗಾಜಿನ ಕಣ್ಣು ಕಂಡಿತು. ಕಣ್ಣಿದ್ದ ಮೇಲೆ ಬೊಟ್ಟಿಲ್ಲದೆ ಹೇಗೆ ಎಂದುಕೊಂಡು, ತಟ್ಟೆಯಲ್ಲಿ ಉಳಿದ ಗಂಧವನ್ನು ಅಲ್ಲಿಗಿಟ್ಟು ಮುಚ್ಚಳ ಹಾಕಿದ. ರಕ್ತದ ಕೊಳವೆಯನ್ನು ಕಾಯುವ ಕಣ್ಣು ಅದೆಂದು, ಅದು ಮಸುಕಾದರೆ ಯಂತ್ರವೇ ನಿಲ್ಲುವುದೆಂದು ಅವನಿಗೆ ಗೊತ್ತಿರಲಿಲ್ಲ.

ಹನ್ನೊಂದಕ್ಕೆ ರಾಜಾನುಕುಂಟೆಯ ಮುನಿಕೆಂಪಮ್ಮನನ್ನು ಕರೆತಂದರು. ಕಾಲಿನ ಹುಣ್ಣಿನ ನಂಜು ಮೈಗೆಲ್ಲ ಏರಿತ್ತು. ಯಂತ್ರ ಹಚ್ಚಿದರೆ ಕೂಗಿಕೊಂಡು ನಿಲ್ಲುತ್ತಿತ್ತು. ಮತ್ತೆ ಹಚ್ಚಿದರು, ಮತ್ತೆ ಕೂಗಿತು. ನಮ್ಮಲ್ಲಿ ಇದ್ದದ್ದೇ ಅದೊಂದು. ಶಿವಶರಣಪ್ಪನವರು ಕೊಳವೆ ಬದಲಿಸಿದರು, ತಂತಿಗಳನ್ನು ನೋಡಿದರು. ಕೊನೆಗೆ ಮುಚ್ಚಳ ತೆಗೆದು, ಒಣಗಿದ ಗಂಧವನ್ನು ಹತ್ತಿಯಿಂದ ಒರೆಸಿದಾಗ ಐವತ್ತು ನಿಮಿಷ ಕಳೆದಿತ್ತು.

“ಯಾರ್ರೀ ಇದನ್ನ ಹಚ್ಚಿದ್ದು?” ಎಂದು ಐಸಿಯುವಿನ ಡಾಕ್ಟರ್ ನಂದಿತಾ ಕೇಳಿದರು.

“ಮುಂಜಾನಿ ಪೂಜಿ ಮಾಡಿದಾವ ನಾನರೀ ಮೇಡಂ. ನನ್ನ ಕೈಯಿಂದನ ಒಳಗ ಬಿದ್ದಿರಬೇಕು. ತಪ್ಪು ನಂದು.”

ಹಾಗೆಂದ ಶಿವಶರಣಪ್ಪನವರ ಬೆನ್ನ ಹಿಂದೆಯೇ ಹನುಮಯ್ಯ ನಿಂತಿದ್ದ. ಗುತ್ತಿಗೆ ಕೆಲಸ, ಬಾಯಿ ಬಿಡಲಿಲ್ಲ. ಎರಡು ದಿನಕ್ಕೆ, ಭಾನುವಾರ, ಮುನಿಕೆಂಪಮ್ಮ ತೀರಿಕೊಂಡರು. ಬಂದಾಗಲೇ ಕೈಮೀರಿತ್ತು, ಆ ಐವತ್ತು ನಿಮಿಷದಿಂದಲೇ ಹೀಗಾಯಿತೆಂದು ಹೇಳಲಾಗದು ಎಂದರು ಡಾಕ್ಟರು. ಆಗಲಿಲ್ಲ ಎಂದೂ ಹೇಳಲಿಲ್ಲ. ಶಿವಶರಣಪ್ಪನವರಿಗೆ ಮೆಮೊ ಬಂತು, ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟುಕೊಂಡರು.

ಅಂದಿನಿಂದ ಅವರು ದಿನವೂ ಒಂದು ಗಂಟೆ ಮೊದಲೇ ಬಂದು, ಮುಚ್ಚಳಗಳನ್ನೆಲ್ಲ ತೆಗೆದು, ಟಾರ್ಚ್ ಹಾಕಿ ನೋಡುತ್ತಿದ್ದರು. ಈ ಸಂಪುಟದಲ್ಲಿ ವಿದ್ವಾಂಸರು ಅವರ ತಪಸ್ಸೆಂದು ಕೊಂಡಾಡಿರುವುದು ಆ ಒಂದು ಗಂಟೆಯನ್ನೇ. ಅದು ತಪಸ್ಸಲ್ಲ, ಹನುಮಯ್ಯ ಮಾಡಿದ ತಪ್ಪಿಗೆ ಅವರು ತೆತ್ತ ದಂಡ.

ನಿವೃತ್ತಿಗೆ ಎರಡು ದಿನವಿರುವಾಗ, ಗುರುವಾರ, ಹನುಮಯ್ಯ ಅವರ ಮುಂದೆ ನಿಂತ.

“ಸಾರ್, ಆವತ್ತು ಕಣ್ಣಿಗೆ ಗಂಧ ಇಟ್ಟೋನು ನಾನು, ನೀವಲ್ಲ. ಕೆಲ್ಸ ಓಗ್ಬುಡ್ತದೆ ಅಂತ ಸುಮ್ಕಿದ್ಬುಟ್ಟೆ.”

“ಏಳೂವರಿ ವರ್ಷ, ಹನುಮಣ್ಣ. ದಿನಾ ಮುಂಜಾನಿ ಆ ಹೆಣ್ಮಗಳ ಮಾರಿ ಕಾಣ್ತಿತ್ತು ನನಗ” ಎಂದರು. ಆಮೇಲೆ, “ಬರೀ. ಪುಸ್ತಕದಾಗ ಬರೀ. ಬರೇ ಹೊಗಳಿಕಿ ಬ್ಯಾಡ” ಎಂದರು.

ಅದಕ್ಕೇ ಬರೆದದ್ದು. ಭಗವಂತ ಅವರಿಗೆ ನೂರು ವರ್ಷ ಆಯಸ್ಸು ಕೊಡಲಿ. ಯಲಹಂಕದ ಕಾಲೇಜೊಂದರಲ್ಲಿ ಪಾಠ ಹೇಳಲು ಒಪ್ಪಿದ್ದಾರಂತೆ, ಅವರ ವಿದ್ಯೆ ನೂರಾರು ಮಕ್ಕಳ ಕೈಗೆ ಹತ್ತಲಿ. ಇನ್ನಾದರೂ ಬೆಳಗ್ಗೆ ಒಂದು ಗಂಟೆ ಹೆಚ್ಚು ಮಲಗಲಿ.

ಮೇ ಮೂವತ್ತೊಂದು, ಶನಿವಾರ, ಸಂಜೆ ಅವರು ಹೊರಟರು. ಗೇಟಿನವರೆಗೆ ಒಬ್ಬೊಬ್ಬರ ಕೈ ಹಿಡಿದು ಮಾತಾಡಿಸಿದರು. ಹನುಮಯ್ಯನೆದುರು ಒಂದು ಗಳಿಗೆ ನಿಂತರು, ಮಾತಾಡದೆ ಹೋದರು.